ಸಲಿಕೆಗೆ ಹಿಮ ಅಂಟದಿರೋಕೆ

ಟೊರಾಂಟೊ ಕಡೆ ಹಿಮ ತೆಗೆಯೋ ಕೆಲಸಕ್ಕೆ ಹೋಗ್ತಿರೋರು ಸಲಿಕೆ ಹಿಡಿಯೋ ಮೊದಲು ಅದರ ಎರಡೂ ಮೈಗೆ ಅಡುಗೆ ಎಣ್ಣೆ ತೆಳ್ಳಗೆ ಸವರಿಕೊಳ್ಳಿ. ದೋಸೆ ಕಾವಲಿಗೆ ಈರುಳ್ಳಿ ಹೋಳಲ್ಲಿ ಸವರ್ತೀವಲ್ಲ, ಅಷ್ಟೇ ಸಾಕು. ಸೊನ್ನೆ ಡಿಗ್ರಿ ಆಸುಪಾಸಲ್ಲಿ ಬೀಳೋ ಹಿಮದಲ್ಲಿ ನೀರಿನಂಶ ಜಾಸ್ತಿ, ಆ ನೀರೇ ಸಲಿಕೆಗೆ ಹತ್ತಿ ಗಟ್ಟಿಯಾಗೋದು. ಎಣ್ಣೆ ಇದ್ದರೆ ಅದಕ್ಕೆ ಹಿಡಿತ ಸಿಗಲ್ಲ, ಹಿಮ ಇಡಿಯಾಗಿ ಜಾರಿ ಬೀಳುತ್ತೆ. ಪ್ರತಿ ಸಲ ನೆಲಕ್ಕೆ ಕುಟ್ಟಿ ಉದುರಿಸೋದು ತಪ್ಪಿದರೆ ಸೊಂಟಕ್ಕೆ ಎಷ್ಟು ಹಗುರ ಅಂತ ಮೂರನೇ ಮನೆ ಡ್ರೈವ್‌ವೇ (ರಸ್ತೆಯಿಂದ ಮನೆಗೆ ಕಾರು ಬರೋ ದಾರಿ) ಹೊತ್ತಿಗೆ ಗೊತ್ತಾಗುತ್ತೆ. ಸೂರ್ಯಕಾಂತಿ, ಕನೋಲಾ ಯಾವುದಾದ್ರೂ ನಡೆಯುತ್ತೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು 24 ಡಿಗ್ರಿಗೇ ಹೆಪ್ಪುಗಟ್ಟೋ ಜಾತಿ, ಇಲ್ಲಿ ಬಾಟಲಿಯಿಂದ ಹೊರಗೇ ಬರಲ್ಲ! ಸವರಿದ ಮೇಲೆ ಸಲಿಕೆಯನ್ನ ಹತ್ತು ನಿಮಿಷ ಹೊರಗಿಡಿ. ಮನೆಯೊಳಗಿಂದ ತಂದ ಬೆಚ್ಚಗಿನ ಸಲಿಕೆ ಹಿಮ ಕರಗಿಸುತ್ತೆ, ಕರಗಿದ್ದು ಅಲ್ಲೇ ಮಂಜುಗಡ್ಡೆಯಾಗಿ ಕೂರುತ್ತೆ, ಆಗ ಎಣ್ಣೆ ಹಚ್ಚಿದ್ದೂ ದಂಡ. ಒರಟು ಕಾಂಕ್ರೀಟಿನ ಮೇಲೆ ಎಣ್ಣೆ ಬೇಗ ಉಜ್ಜಿ ಹೋಗೋದ್ರಿಂದ ಎಣ್ಣೆಯಲ್ಲಿ ಅದ್ದಿದ ಬಟ್ಟೆ ತುಂಡೊಂದನ್ನ ಕವರಲ್ಲಿ ಸುತ್ತಿ ಜೇಬಲ್ಲಿಟ್ಟುಕೊಳ್ಳಿ. ಮೈನಸ್ 15ರ ಪುಡಿಪುಡಿ ಹಿಮಕ್ಕೆ ಇದೆಲ್ಲ ಬೇಕಿಲ್ಲ, ಅದು ಹೇಗೂ ಅಂಟಲ್ಲ. ರಸ್ತೆಯ ಹಿಮ ತಳ್ಳೋ ಪ್ಲೋ ಗಾಡಿ ಡ್ರೈವ್‌ವೇ ಬಾಯಲ್ಲಿ ತಳ್ಳಿಹೋದ ಗಟ್ಟಿ ಹೆಂಟೆಗಳಿಗೂ ಎಣ್ಣೆಯಿಂದ ಏನೂ ಆಗಲ್ಲ, ಒಡೆದೇ ಎತ್ತಬೇಕು. ಮತ್ತೆ, ಎಣ್ಣೆ ತೊಟ್ಟಿಕ್ಕೋಷ್ಟು ಸುರೀಬೇಡಿ, ಮೆಟ್ಟಿಲ ಮೇಲೆ ಬಿದ್ದರೆ ಮನೆಯವರು ಜಾರ್ತಾರೆ, ಬೈಗುಳ ನಮಗೆ.