ಡೆಮೊ ನೋಡಿ ಮರುಳಾಗಬೇಡಿ: ಇ-ಡಿಸ್ಕವರಿ ವೆಂಡರ್‌ನ ತಂಡವನ್ನು ಅಳೆಯುವುದು ಹೇಗೆ?

ಅಮೆರಿಕದಲ್ಲಿ ಮಾತೃಸಂಸ್ಥೆಯ ಮೇಲೆ ಯಾರೋ ದಾವೆ ಹೂಡುತ್ತಾರೆ. ಬೇಕಾದ ಇಮೇಲುಗಳು ಇರುವುದು ವೈಟ್‌ಫೀಲ್ಡಿನ ಆಫೀಸಿನಲ್ಲಿ. ಬೆಂಗಳೂರಿನ ಕಂಪನಿಗಳ ಲೀಗಲ್ ವಿಭಾಗದಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಕಥೆಯಲ್ಲ. ಅಲ್ಲಿನ ಪದ್ಧತಿಯಂತೆ, ವಿಚಾರಣೆ ಶುರುವಾಗುವ ಮುಂಚೆಯೇ ಕೇಸಿಗೆ ಸಂಬಂಧಪಟ್ಟ ದಾಖಲೆಗಳನ್ನು ಎದುರು ಪಾರ್ಟಿ ಕೇಳಿದರೆ ಕೊಡಬೇಕು. ಇದಕ್ಕೆ ಡಿಸ್ಕವರಿ ಎನ್ನುತ್ತಾರೆ. 2006ರಲ್ಲಿ ಅಲ್ಲಿನ ಫೆಡರಲ್ ಸಿವಿಲ್ ನಿಯಮಗಳಿಗೆ ತಿದ್ದುಪಡಿ ಬಂದು, ಎಲೆಕ್ಟ್ರಾನಿಕ್ ಮಾಹಿತಿಯೂ ಹೆಸರು ಹಿಡಿದೇ ಇದರೊಳಗೆ ಸೇರಿತು. ಅದೇ ಇ-ಡಿಸ್ಕವರಿ. ಫೈಲು ತೆಗೆದು, ನಕಲುಗಳನ್ನು ಸೋಸಿ, ವಕೀಲರು ಓದುವ ಹಾಗೆ ಜೋಡಿಸಿ, ಪುಟಪುಟಕ್ಕೂ ಬೇಟ್ಸ್ ನಂಬರ್ ಎಂಬ ಕ್ರಮಸಂಖ್ಯೆ ಹಾಕಿ ಕಳಿಸುವುದು ವೆಂಡರ್ ಕೆಲಸ.

ವೆಂಡರ್ ಆರಿಸುವಾಗ ಎಲ್ಲರೂ ಸಾಫ್ಟ್‌ವೇರ್ ನೋಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಆದರೆ ರಿಲೇಟಿವಿಟಿ ಎಂಬ ಒಂದೇ ಸಾಫ್ಟ್‌ವೇರ್ ಹತ್ತು ವೆಂಡರ್‌ಗಳ ಹತ್ತಿರ ಇರುತ್ತದೆ. ಅದನ್ನು ನಡೆಸುವ ಪ್ರಾಜೆಕ್ಟ್ ಮ್ಯಾನೇಜರ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಅಲ್ವಾ? ನೋಡಬೇಕಾದದ್ದು ಅವರನ್ನು.

ಕೆಲಸ ಮಾಡುವವರನ್ನೇ ಕರೆಸಿ

ಮೊದಲ ಮೀಟಿಂಗಿಗೆ ಸೇಲ್ಸ್‌ನವರು ಬರುತ್ತಾರೆ. ಜೊತೆಗೆ ಇಪ್ಪತ್ತು ವರ್ಷ ಅನುಭವದ ಒಬ್ಬ ಹಿರಿಯರು. ಸಹಿ ಬಿದ್ದ ಮೇಲೆ ಆ ಹಿರಿಯರು ಮತ್ತೆ ಕಾಣುವುದಿಲ್ಲ. ಅದಕ್ಕೇ ಎರಡನೇ ಮೀಟಿಂಗಿಗೆ, ನಮ್ಮ ಕೇಸು ನೋಡಿಕೊಳ್ಳುವ ಮ್ಯಾನೇಜರ್ ಯಾರೋ ಅವರೇ ಬರಲಿ ಎಂದು ಹೇಳಿ. ಸೇಲ್ಸ್‌ನವರು ಬಾಯಿ ಹಾಕದಿದ್ದರೆ ಒಳ್ಳೆಯದು.

ಅವರ ಕೈಯಲ್ಲಿ ಈಗ ಎಷ್ಟು ಕೇಸುಗಳಿವೆ, ಅದರಲ್ಲಿ ಈ ತಿಂಗಳೇ ಗಡುವು ಇರುವುದು ಎಷ್ಟು ಎಂದು ಕೇಳಿ. ಅವರು ರಜೆ ಹಾಕಿದರೆ ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿ. ಸರ್ಟಿಫಿಕೇಟು ಇದ್ದರೆ ಸಂತೋಷ, ಆದರೆ ಅದರ ಮೇಲೆ ಜಾಸ್ತಿ ಹೊತ್ತು ಕಳೆಯಬೇಡಿ. ನಾನು ತಪ್ಪದೆ ಕೇಳುವ ಪ್ರಶ್ನೆ ಇದು: "ನಿಮ್ಮ ಕೈಯಲ್ಲಿ ಕೆಟ್ಟ ಒಂದು ಕೆಲಸದ ಬಗ್ಗೆ ಹೇಳಿ." ಕೆಲವರು ತಡವರಿಸಿದರೂ ನಡೆದದ್ದನ್ನು ಹೇಳುತ್ತಾರೆ. "ಅಂಥದ್ದೇನೂ ಆಗಿಲ್ಲ ಸರ್" ಎನ್ನುವವರಿಗೆ ನಾನು ಕೆಲಸ ಕೊಡುವುದಿಲ್ಲ.

ಸಣ್ಣ ಪರೀಕ್ಷೆ ಇಡಿ

ಇದಕ್ಕೆ ಒಂದು ವಾರ ಹೋದರೂ ಪರವಾಗಿಲ್ಲ. ಮೂವತ್ತು ನಲವತ್ತು ಫೈಲುಗಳ ಒಂದು ಫೋಲ್ಡರ್ ಮಾಡಿ. ಗುಟ್ಟಿನ ಮಾಹಿತಿ ಬೇಡ, ಸುಮ್ನೆ ನೀವೇ ತಯಾರಿಸಿದ ಫೈಲು ಸಾಕು. ಅದರಲ್ಲಿ ಪಾಸ್‌ವರ್ಡ್ ಹಾಕಿದ ಒಂದು ಜಿಪ್ ಇರಲಿ. ಒಂದು ಶೀಟನ್ನು ಅಡಗಿಸಿಟ್ಟ ಎಕ್ಸೆಲ್ ಇರಲಿ. ಮೇಲ್‌ನೊಳಗೆ ಇನ್ನೊಂದು ಮೇಲ್, ಅದರೊಳಗೆ ಒಂದು ಪಿಡಿಎಫ್ ಇರಲಿ. ಒಂದು ವಾಟ್ಸ್‌ಆ್ಯಪ್ ಚಾಟನ್ನೂ ಸೇರಿಸಿ.

ಕರ್ನಾಟಕದ ಆಫೀಸಾದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಒಂದು ಪತ್ರವನ್ನು ಮರೆಯಬೇಡಿ. ಯೂನಿಕೋಡ್ ಅಲ್ಲದ ನುಡಿ ಫೈಲು ನಮ್ಮ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಗುತ್ತಿಗೆ" ಎಂದು ಹುಡುಕಿದರೆ ಆ ಪತ್ರ ಸಿಗುವುದಿಲ್ಲ. ಸಿಗದೇ ಇರುವುದು ವೆಂಡರ್ ತಪ್ಪಲ್ಲ. ಆದರೆ ಒಳ್ಳೆಯ ಮ್ಯಾನೇಜರ್ ಎರಡನೇ ದಿನವೇ ಮೇಲ್ ಬರೆಯುತ್ತಾರೆ: "ಈ ಫೈಲಿನ ಪಠ್ಯ ಅರ್ಥವಾಗುತ್ತಿಲ್ಲ, ಏನಿದು?" ಆ ಮೇಲ್ ಬರುತ್ತದೋ ಇಲ್ಲವೋ ಎನ್ನುವುದೇ ಪರೀಕ್ಷೆ.

ಇನ್ನೊಂದು ಫೈಲು ಗಡಿಯಾರಕ್ಕಾಗಿ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಬೆಂಗಳೂರಿನಿಂದ ಹೋದ ಒಂದು ಮೇಲ್ ಹಾಕಿ. ಆಗ ನ್ಯೂಯಾರ್ಕಿನಲ್ಲಿ ಮಾರ್ಚ್ 31, ಸಂಜೆ ನಾಲ್ಕೂವರೆ. "ಏಪ್ರಿಲ್ 1ರಿಂದ ಈಚೆಗಿನ ಮೇಲುಗಳು ಬೇಕು" ಎಂದು ಹೇಳಿ ನೋಡಿ. ಯಾವ ಟೈಮ್ ಝೋನ್ ಇಡಬೇಕು ಎಂದು ಅವರೇ ಮೊದಲು ಕೇಳಿದರೆ ಅರ್ಧ ಗೆದ್ದ ಹಾಗೆ. ಕೇಳದೆ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಓಡಿಸಿದರೆ ಆ ಮೇಲ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಲೆಕ್ಕ ಕೇಳಿ

ಒಳಗೆ ಹೋದ ಫೈಲಿಗೂ ಹೊರಗೆ ಬಂದ ಫೈಲಿಗೂ ತಾಳೆಯಾಗಬೇಕು. ಒಂದು ಲಕ್ಷ ಫೈಲು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್‌ನ ಪಟ್ಟಿ ಹಿಡಿದು ತೆಗೆದ ಸಿಸ್ಟಂ ಫೈಲು 18,000, ನಕಲು 37,000, ತೆರೆಯಲಾಗದವು 600. ಹಾಗಾದರೆ ರಿವ್ಯೂಗೆ, ಅಂದರೆ ವಕೀಲರ ಓದಿಗೆ, ಉಳಿಯಬೇಕಾದದ್ದು 44,400. ಅಲ್ಲಿ 44,150 ಕಂಡರೆ ಉಳಿದ 250 ಎಲ್ಲಿ? ದಿನಸಿ ಅಂಗಡಿಯವರೂ ಸಂಜೆ ಗಲ್ಲಾ ಎಣಿಸುತ್ತಾರೆ. ತೆರೆಯಲಾಗದ ಫೈಲುಗಳ ಪಟ್ಟಿಯನ್ನು ನೀವು ಕೇಳುವ ಮುಂಚೆಯೇ ಕಳಿಸುವವರು ಸಿಕ್ಕರೆ ಬಿಡಬೇಡಿ.

ನಕಲು ತೆಗೆಯುವುದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. "ಡೂಪ್ಲಿಕೇಟ್ ತೆಗೆದುಬಿಡಿ" ಎಂದು ಫೋನಿನಲ್ಲಿ ಹೇಳಿದೆ. ಎಲ್ಲರ ಮೇಲ್‌ಬಾಕ್ಸ್ ಸೇರಿಸಿ ಒಂದೇ ಪ್ರತಿ ಉಳಿಸಿ ಎನ್ನುವುದು ನನ್ನ ಮನಸ್ಸಿನಲ್ಲಿತ್ತು. ಅವರು ಒಬ್ಬೊಬ್ಬರ ಮೇಲ್‌ಬಾಕ್ಸಿನೊಳಗೆ ಮಾತ್ರ ತೆಗೆದರು. ಒಂಬತ್ತು ಜನರಿಗೆ ಹೋದ ಮೇಲನ್ನು ವಕೀಲರು ಒಂಬತ್ತು ಸಲ ಓದಿದರು, ಗಂಟೆ ಲೆಕ್ಕದಲ್ಲಿ! ತಪ್ಪು ಯಾರದ್ದು ಎಂದು ಇವತ್ತಿಗೂ ಹೇಳಲಾರೆ, ಯಾಕೆಂದರೆ ಯಾರೂ ಬರೆದಿಡಲಿಲ್ಲ. ಅಂದಿನಿಂದ ಫೋನ್ ಇಟ್ಟ ಮೇಲೆ "ನೀವು ಹೇಳಿದ್ದು ಇದು, ನಾವು ಮಾಡುವುದು ಇದು" ಎಂದು ಮೇಲ್ ಬರೆಯುವ ರೂಢಿ ತಂಡಕ್ಕೆ ಇದೆಯೇ ಎಂದು ನೋಡುತ್ತೇನೆ. ಹಳೆಯ ಕೇಸಿನ ಅಂಥ ಒಂದು ಮೇಲನ್ನು ಹೆಸರು ಅಳಿಸಿ ತೋರಿಸಿ ಎಂದು ಕೇಳಬಹುದು.

ಕಳಿಸುವ ಮುಂಚೆ ಯಾರು ನೋಡುತ್ತಾರೆ?

2017ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಹೊರಗಿನ ವಕೀಲರಿಂದ ಹತ್ತಾರು ಸಾವಿರ ಶ್ರೀಮಂತ ಗ್ರಾಹಕರ ವಿವರ ಎದುರು ಪಾರ್ಟಿಯ ಕೈಸೇರಿತು. ಎಲ್ಲ ದಾಖಲೆಗಳನ್ನೂ ನೋಡಿದೆ ಅಂದುಕೊಂಡಿದ್ದ ವಕೀಲರ ಪರದೆಯ ಮೇಲೆ, ವೆಂಡರ್ ಸಾಫ್ಟ್‌ವೇರ್‌ನಲ್ಲಿ, ಕೆಲವು ಮಾತ್ರ ಕಾಣುತ್ತಿದ್ದವು. ಪಕ್ಕದಲ್ಲಿ ಒಬ್ಬ ಗಟ್ಟಿ ಮ್ಯಾನೇಜರ್ ಇದ್ದು "ಮೇಡಂ, ನೀವು ನೋಡಿದ್ದು ಇಷ್ಟು, ಹೊರಗೆ ಹೋಗುವುದು ಅಷ್ಟು" ಎಂದಿದ್ದರೆ ಕಥೆಯೇ ಬೇರೆಯಿತ್ತು.

ಹಾಗಾಗಿ ಪ್ರೊಡಕ್ಷನ್, ಅಂದರೆ ಎದುರು ಪಾರ್ಟಿಗೆ ಕೊಡುವ ದಾಖಲೆಗಳ ಕಟ್ಟು, ಕಳಿಸುವ ಮುಂಚಿನ ಚೆಕ್‌ಲಿಸ್ಟ್ ತರಿಸಿಕೊಂಡು ಓದಿ. ವಕೀಲ-ಕಕ್ಷಿದಾರರ ಗುಟ್ಟಿನ ಪತ್ರ, ಅಂದರೆ ಪ್ರಿವಿಲೇಜ್ ಇರುವುದು, ಒಳಗೆ ನುಸುಳಿದೆಯೇ? ತಾಯಿ ಮೇಲನ್ನು ತಡೆಹಿಡಿದು ಅದರ ಅಟ್ಯಾಚ್‌ಮೆಂಟನ್ನು ಕಳಿಸಿಬಿಟ್ಟಿದ್ದಾರೆಯೇ? ಕಪ್ಪು ಬಳಿದ ಸಾಲು ಚಿತ್ರದಲ್ಲಿ ಮಾತ್ರ ಮರೆಯಾಗಿ, ಜೊತೆಗಿನ ಪಠ್ಯದ ಫೈಲಿನಲ್ಲಿ ಹಾಗೇ ಉಳಿದಿದೆಯೇ? ಪ್ರೊಡಕ್ಷನ್ ತಯಾರಿಸಿದವರೇ ಅದನ್ನು ಪರೀಕ್ಷಿಸಿದರೆ ಸಾಲದು, ಇನ್ನೊಬ್ಬರ ಸಹಿ ಇರಬೇಕು. ಅಲ್ಲಿನ ಫೆಡರಲ್ ಸಾಕ್ಷ್ಯ ನಿಯಮ 502ರಲ್ಲಿ, ಕೈತಪ್ಪಿ ಹೋದ ಗುಟ್ಟಿನ ದಾಖಲೆಯ ರಕ್ಷಣೆ ಉಳಿಯಲು ದಾರಿ ಇದೆ. ಆದರೆ ಕೋರ್ಟಿನಿಂದ ಮೊದಲೇ ಆದೇಶ ಪಡೆಯದಿದ್ದರೆ, ತಕ್ಕ ಎಚ್ಚರ ವಹಿಸಿದ್ದೆವು ಎಂದು ತೋರಿಸಬೇಕಾಗುತ್ತದೆ. ಆಗ ಕೈಗೆ ಬರುವುದು ಈ ಚೆಕ್‌ಲಿಸ್ಟೇ.

ರಾತ್ರಿ ಪಾಳಿ, ಬಿಲ್ಲು

ನ್ಯೂಯಾರ್ಕಿನಲ್ಲಿ ಸಂಜೆ 6 ಆದಾಗ ನಮ್ಮಲ್ಲಿ ಮಾರನೇ ದಿನದ ಬೆಳಗಿನ ಜಾವ. ಅಲ್ಲಿನ ತಂಡ ಮನೆಗೆ ಹೋಗುವಾಗ ಇಲ್ಲಿನ ತಂಡಕ್ಕೆ ಏನು ಬರೆದಿಡುತ್ತದೆ? ಒಂದು ವಾರದ ಹಸ್ತಾಂತರದ ಟಿಪ್ಪಣಿ ನೋಡಲು ಕೇಳಿ. ನಿಮ್ಮ ಅನುಮಾನವನ್ನು ಒಂದು ಶುಕ್ರವಾರ ರಾತ್ರಿ 9ಕ್ಕೆ ಮೇಲ್ ಮಾಡಿ ನೋಡಿ. ಎಷ್ಟು ಬೇಗ ಉತ್ತರ ಬಂತು ಎನ್ನುವುದಕ್ಕಿಂತ ಉತ್ತರ ಬರೆದವರಿಗೆ ವಿಷಯ ಗೊತ್ತಿತ್ತೇ ಎಂದು ಗಮನಿಸಿ.

ಬಿಲ್ಲಿನಲ್ಲಿ ಮ್ಯಾನೇಜರ್ ಗಂಟೆಗಳು ಬೇರೆ ಸಾಲಿನಲ್ಲಿ ಬರಲಿ, ಅವರು ತಮ್ಮದೇ ತಪ್ಪು ಸರಿಪಡಿಸಿದ ಗಂಟೆ ಅದರಲ್ಲಿ ಸೇರದಿರಲಿ. ಹಳೆಯ ಗ್ರಾಹಕರಿಗೆ ಫೋನ್ ಮಾಡುವುದಾದರೆ ವೆಂಡರ್ ಕೊಟ್ಟ ಪಟ್ಟಿಯವರೆಲ್ಲ ಹೊಗಳುತ್ತಾರೆ, ಅದು ಗೊತ್ತಿದ್ದದ್ದೇ. ಅವರಿಗೆ ಒಂದೇ ಪ್ರಶ್ನೆ ಸಾಕು: ಕೇಸು ಮುಗಿಯುವವರೆಗೂ ಅದೇ ಮ್ಯಾನೇಜರ್ ಇದ್ದರಾ? ಇರಲಿಲ್ಲ ಎಂದರೆ, ಒಪ್ಪಂದದಲ್ಲಿ ಮ್ಯಾನೇಜರ್ ಹೆಸರನ್ನೇ ಬರೆಸಿ. ಅವರನ್ನು ಬದಲಿಸಬೇಕಾದರೆ ಮೊದಲು ನಿಮಗೆ ತಿಳಿಸಬೇಕು, ಹೊಸಬರಿಗೆ ಕೇಸು ಕಲಿಸುವ ಗಂಟೆಗಳು ವೆಂಡರ್ ಖಾತೆಗೇ ಹೋಗಬೇಕು ಎಂಬ ಸಾಲನ್ನೂ ಸೇರಿಸಿ.