ಪಾರ್ಕ್ ಹತ್ತಿರ ಇದ್ದರೆ ಸಾಲದು, ಅದರ ಗೇಟೂ ಹತ್ತಿರ ಇರಬೇಕು

ಪಾರ್ಕ್‌ಗಳ ಕೆಲಸಕ್ಕೆ ಕೈಹಾಕಿದಾಗ ನಮ್ಮ ಗುಂಪು ಮೊದಲು ಕೇಳಿಕೊಂಡಿದ್ದು ಒಂದೇ ಪ್ರಶ್ನೆ: ಇಲ್ಲಿಗೆ ಯಾರು ಬರುತ್ತಿಲ್ಲ? ಬರುವವರನ್ನು ಎಣಿಸೋದು ಸುಲಭ. ಬಾರದವರನ್ನು ಅವರ ಮನೆಗೇ ಹೋಗಿ ಕೇಳಬೇಕು.

ಮನೆಯಿಂದ 300 ಮೀಟರ್ ಒಳಗೆ ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಜಾಗ ಇರಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ. ಅಂದರೆ ಐದು ನಿಮಿಷದ ನಡಿಗೆ. ನಕ್ಷೆ ನೋಡಿದರೆ ಎಲ್ಲಾ ಸರಿಯಾಗೇ ಇತ್ತು. ನಾವು ನಕ್ಷೆ ಮಡಚಿಟ್ಟು ಜನರ ಜೊತೆ ನಡೆದೆವು. ಪಾರ್ಕ್‌ನ ಹಿಂದಿನ ಗೋಡೆಗೆ ಅಂಟಿಕೊಂಡೇ ಬಡವರ ಮನೆಗಳಿವೆ. ಗೇಟು ಮಾತ್ರ ಆಚೆ ಕಡೆ, ದೊಡ್ಡ ರಸ್ತೆಗೆ. ಒಳಗಿನ ಮರದ ಎಲೆ ಇವರ ಚಾವಣಿ ಮೇಲೆ ಉದುರುತ್ತದೆ. ಅದೇ ಮರದ ಬುಡಕ್ಕೆ ಹೋಗಬೇಕಾದರೆ ಇಡೀ ಗೋಡೆ ಸುತ್ತಿ, ಗಾಡಿಗಳ ಮಧ್ಯೆ ರಸ್ತೆ ದಾಟಬೇಕು. ಚಿಕ್ಕ ಮಕ್ಕಳನ್ನು ಯಾರು ತಾನೇ ಹಾಗೆ ಕಳಿಸುತ್ತಾರೆ?

ಹಾಗಾಗಿ ನಾವು ಹೊಸ ಗಿಡ ಕೇಳಲಿಲ್ಲ, ಕಾರಂಜಿ ಕೇಳಲಿಲ್ಲ. ಹಿಂದಿನ ಗೋಡೆಯಲ್ಲಿ ಒಂದು ಗೇಟು ಕೇಳಿದೆವು. "ಆ ಕಡೆ ಗೇಟು ಇಟ್ಟರೆ ಪಾರ್ಕ್ ಗಲೀಜಾಗುತ್ತೆ" ಎಂಬ ಮಾತು ಬಂತು. ಆ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಸಾರ್ವಜನಿಕ ಜಾಗ ಅಂದಮೇಲೆ ಎಲ್ಲ ಬೀದಿಯವರದ್ದೂ ಅಲ್ವಾ? ಆದರೆ ವಾದಕ್ಕೆ ಇಳಿಯಲಿಲ್ಲ. ಬೇಡ ಅಂದವರನ್ನೂ ಕರೆದುಕೊಂಡು ಹಿಂದಿನ ಬೀದಿಯಿಂದ ಗೇಟಿನವರೆಗೆ ನಡೆದೆವು. ವಾಪಸ್ ಬಂದ ಮೇಲೆ ಅವರಲ್ಲಿ ಹಲವರು ಅರ್ಜಿಗೆ ಸಹಿ ಹಾಕಿದರು. 2030ರೊಳಗೆ ಎಲ್ಲರಿಗೂ, ಅದರಲ್ಲೂ ಹೆಂಗಸರು, ಮಕ್ಕಳು, ವಯಸ್ಸಾದವರು, ಅಂಗವಿಕಲರಿಗೆ ಸುರಕ್ಷಿತ ಹಸಿರು ಜಾಗ ಸಿಗಬೇಕು ಎಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು (ಗುರಿ 11.7). ಅದನ್ನೂ ಅರ್ಜಿಯಲ್ಲಿ ಬರೆದೆವು.

ಗೇಟಿನ ಅಳತೆ ವಿಷಯದಲ್ಲಿ ಬಿಗಿಯಾಗಿ ನಿಲ್ಲಿ. ಬೈಕ್ ನುಗ್ಗದಿರಲಿ ಅಂತ ನೆಡುವ ಅಡ್ಡ ಕಂಬಗಳು ವೀಲ್‌ಚೇರನ್ನೂ ತಡೆಯುತ್ತವೆ. ಕಂಬಗಳ ನಡುವೆ ಕನಿಷ್ಠ 90 ಸೆಂಟಿಮೀಟರ್ ಬಿಡಿಸಿ. ರ‍್ಯಾಂಪ್ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 15 ಸೆಂಟಿಮೀಟರ್ ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಹಲಗೆ ಒರಗಿಸಿ ರ‍್ಯಾಂಪ್ ಅಂದರೆ ಒಪ್ಪಬೇಡಿ. ಹಿಂದಿನ ಗೇಟು ಕಟ್ಟುವಾಗ ನಾವು ಟೇಪು ಹಿಡಿದು ಪಕ್ಕದಲ್ಲೇ ನಿಂತಿದ್ದೆವು.

ಹುಡುಗಿಯರ ವಿಷಯಕ್ಕೆ ಆಸ್ಟ್ರಿಯಾದ ವಿಯೆನ್ನಾ ನಗರದ ಉದಾಹರಣೆ ಉಪಯೋಗಕ್ಕೆ ಬಂತು. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕ್‌ಗೆ ಬರೋದು ಕಡಿಮೆಯಾಗುತ್ತದೆ ಅಂತ ಅಲ್ಲಿ 1990ರ ದಶಕದಲ್ಲೇ ಗಮನಿಸಿದ್ದರು. ಒಂದೇ ದೊಡ್ಡ ಮೈದಾನವಿದ್ದರೆ ಹುಡುಗರೇ ತುಂಬಿಕೊಳ್ಳುತ್ತಾರೆ. ಅದಕ್ಕೆ ಜಾಗವನ್ನು ಚಿಕ್ಕ ಚಿಕ್ಕದಾಗಿ ವಿಂಗಡಿಸಿದರು. ನಾವೂ ಒಂದು ಮೂಲೆಯನ್ನು ಬೇರೆ ಮಾಡಿಸಿದೆವು, ನೋಟಕ್ಕೆ ಅಡ್ಡವಾಗಿದ್ದ ಪೊದೆಗಳನ್ನು ತಗ್ಗಿಸಿದೆವು. ಹಿರಿಯರಿಗೆ ಕೈಯೂರಿ ಏಳಲು ಹಿಡಿ ಇರುವ ಬೆಂಚು, ಎಲ್ಲರಿಗೂ ಶೌಚಾಲಯ ಮತ್ತು ಕುಡಿಯುವ ನೀರು. ಇವಿಷ್ಟೂ ಇಲ್ಲದಿದ್ದರೆ ಯಾರೂ ಜಾಸ್ತಿ ಹೊತ್ತು ಕೂರೋದಿಲ್ಲ.

ಬಾಗಿಲು ತೆರೆಯುವ ಹೊತ್ತಿನ ಮಾತು ಇನ್ನೂ ಬಗೆಹರಿದಿಲ್ಲ. ಪಾಳಿಯಲ್ಲಿ ದುಡಿಯುವವರಿಗೆ ಬಿಡುವು ಸಿಗೋದು ಮಧ್ಯಾಹ್ನ. ಆಗ ಎರಡೂ ಗೇಟಿಗೆ ಬೀಗ. ಮಧ್ಯಾಹ್ನವೂ ತೆರೆದಿಡಿ ಅಂತ ಈಗ ಅವರೇ ಅರ್ಜಿ ಬರೆಯುತ್ತಿದ್ದಾರೆ, ನಾವು ಜೊತೆಗಿದ್ದೇವೆ.