ದಾವಣಗೆರೆಯ ಬಿಸಿಲಿನಲ್ಲಿ ಡೇರೆ ಅರಳಿಸಿದ ಬಗೆ

ಸಾಗರ, ಶಿರಸಿ ಕಡೆಯವರಿಗೆ ಡೇರೆ ಹೂವು ಬೆಳೆಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಗೆಡ್ಡೆ ಊರುತ್ತಾರೆ. ಶ್ರಾವಣ, ಭಾದ್ರಪದ ಬಂತೆಂದರೆ ಅಂಗಳದ ತುಂಬಾ ಹೂವು. ನೆಂಟರ ಮನೆಗೆ ಹೋದವರು ತಮ್ಮಲ್ಲಿಲ್ಲದ ಬಣ್ಣದ ಒಂದು ಹಿಳ್ಳನ್ನಾದರೂ, ಅಂದರೆ ಗಿಡದ ಮರಿಯನ್ನಾದರೂ, ಇಸ್ಕೊಂಡೇ ಬರುತ್ತಾರೆ. ಪೇಟೆಯ ನರ್ಸರಿಗಳಲ್ಲಿ ಡೇಲಿಯಾ ಅನ್ನುವುದು ಇದನ್ನೇ. ದಾವಣಗೆರೆಗೆ ಬಂದು ನೆಲೆಸಿದ ಮೇಲೂ ನನಗೆ ಈ ಹೂವನ್ನು ಬಿಟ್ಟಿರಲು ಆಗಲಿಲ್ಲ. ಈಗ ಪ್ರತಿ ವರ್ಷ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಮನೆ ಮುಂದೆ ಡೇರೆ ಇರುತ್ತದೆ. "ಆ ಬಿಸಿಲಲ್ಲಿ ಹೆಂಗೆ ಬೆಳೆಸ್ತೀಯೇ ಮಾರಾಯ್ತಿ?" ಅಂತ ಊರಿಂದ ಅತ್ತಿಗೆ ಕೇಳುತ್ತಲೇ ಇರುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಎತ್ತರ ನೋಡಿದರೆ ಸಾಗರಕ್ಕೂ ದಾವಣಗೆರೆಗೂ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿವೆ. ವ್ಯತ್ಯಾಸ ಇರುವುದು ಮೋಡದಲ್ಲಿ. ಜುಲೈ, ಆಗಸ್ಟ್‌ನಲ್ಲಿ ಮಲೆನಾಡಿಗೆ ಬಿಸಿಲೇ ಬೀಳುವುದಿಲ್ಲ. ಹಗಲಲ್ಲೂ 25 ಡಿಗ್ರಿ ಆಸುಪಾಸು, ರಾತ್ರಿ 20. ಇಲ್ಲಿ ಅದೇ ತಿಂಗಳು ಮೋಡ ಸರಿದರೆ ಸಾಕು, ಹಗಲು 30ಕ್ಕೆ ಏರುತ್ತದೆ. ರಾತ್ರಿಯೂ 21–22ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಡೇರೆಗೆ ಹಿತವಾದದ್ದು ಹಗಲು 18ರಿಂದ 27 ಡಿಗ್ರಿ, ರಾತ್ರಿ 10ರಿಂದ 16. ಇದರ ತವರು ಮೆಕ್ಸಿಕೋದ ಎತ್ತರದ ಗುಡ್ಡಗಾಡು. ಅಲ್ಲಿ ಮಳೆ ಬರುವುದು ಬೇಸಿಗೆಯಲ್ಲೇ, ಆಗಲೂ ಹವೆ ತಂಪಾಗಿಯೇ ಇರುತ್ತದೆ. ಗಿಡ ಆ ಮಳೆಗೆ ಎದ್ದು ಹೂ ಬಿಟ್ಟು, ಒಣ ಚಳಿಗಾಲದಲ್ಲಿ ಮೇಲೆ ಸತ್ತು, ಗೆಡ್ಡೆ ಮಾತ್ರ ಮಣ್ಣಿನಡಿ ಉಳಿಯುತ್ತದೆ. ನಮ್ಮ ಮಲೆನಾಡಿನ ಮಳೆಗಾಲ ಅದಕ್ಕೆ ತವರಿನ ಹಾಗೇ ಕಂಡಿರಬೇಕು.

ರಾತ್ರಿ ಸೆಕೆ ಜಾಸ್ತಿಯಾದರೆ ಗಿಡ ಹಗಲಿಡೀ ಮಾಡಿಟ್ಟ ಸಕ್ಕರೆಯನ್ನು ರಾತ್ರಿಯ ಉಸಿರಾಟದಲ್ಲೇ ಕಳೆದುಕೊಳ್ಳುತ್ತದೆ. ಮೊಗ್ಗಿಗೆ ಉಳಿಯುವುದು ಕಡಿಮೆ. ಜೂನ್‌ನಲ್ಲಿ ಊರಿದ ಗೆಡ್ಡೆ ದಾವಣಗೆರೆಯಲ್ಲೂ ಚಿಗುರುತ್ತದೆ. ಆದರೆ ಗಿಡ ಸೊರಗಿ ಉದ್ದವಾಗುತ್ತದೆ. ಹೂವು ಸಣ್ಣದು, ಬಣ್ಣ ಪೇಲವ, ಎಸಳು ಕಡಿಮೆಯಾಗಿ ನಡುವಿನ ಹಳದಿ ಬೇಗ ಕಾಣಿಸಿಕೊಳ್ಳುತ್ತದೆ. 32–33 ಡಿಗ್ರಿ ದಾಟಿದ ದಿನಗಳಲ್ಲಿ ಸಣ್ಣ ಮೊಗ್ಗುಗಳು ಬಿರಿಯದೆ ಕಂದಿ ಒಣಗುತ್ತವೆ.

ಇಲ್ಲಿನ ಡಿಸೆಂಬರ್ ಬೇರೆಯೇ. ಹಗಲು 29–30 ಇದ್ದರೂ ರಾತ್ರಿ 16ರ ಹತ್ತಿರ ಇಳಿಯುತ್ತದೆ. ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೆ ಮಲೆನಾಡಿನ ಮಳೆಗಾಲಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ, ಅಲ್ವಾ? ಅಲ್ಲಿ ಹಗಲು ತಂಪು, ಇಲ್ಲಿ ರಾತ್ರಿ ತಂಪು. ಎರಡರಲ್ಲಿ ಒಂದಾದರೂ ಸಿಕ್ಕರೆ ಡೇರೆ ಸುಧಾರಿಸಿಕೊಳ್ಳುತ್ತದೆ. ಇಷ್ಟು ಹೊಳೆದ ಮೇಲೆ ನಾನು ಮಳೆಯ ಲೆಕ್ಕ ಬಿಟ್ಟು ರಾತ್ರಿಯ ಲೆಕ್ಕ ಹಿಡಿದೆ. ಗೆಡ್ಡೆ ಊರುವುದು ಗಣೇಶನ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್‌ನಲ್ಲಿ. ಹೂವಿಗೆ ಸುಮಾರು ಮೂರು ತಿಂಗಳು ಬೇಕು. ಮೊಗ್ಗು ಕಟ್ಟುವ ಹೊತ್ತಿಗೆ ಸರಿಯಾಗಿ ಚಳಿ ಬಂದಿರುತ್ತದೆ. ಅದಕ್ಕಿಂತ ತಡ ಮಾಡಬಾರದು. ಹಗಲು ಗಿಡ್ಡವಾಗುತ್ತಾ ಬಂದ ಹಾಗೆ ಗಿಡದ ಗಮನ ಗೆಡ್ಡೆ ಕಟ್ಟುವ ಕಡೆ ತಿರುಗುತ್ತದೆ, ಅಷ್ಟರೊಳಗೆ ಅದು ಮೈ ತುಂಬಿಕೊಂಡಿರಬೇಕು.

ಗಾಳಿಯ ತಂಪಿನಷ್ಟೇ ಮುಖ್ಯ ಬೇರಿನ ತಂಪು. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲಲ್ಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದ ಬದಿಗೆ ಅಂಗೈ ಇಟ್ಟು ನೋಡಿ, ಹಿಡಿದಿರಲು ಆಗುವುದಿಲ್ಲ. ಆ ಕಡೆಯ ಬೇರು ಕಂದು ಬಣ್ಣಕ್ಕೆ ತಿರುಗಿ ಸತ್ತಿರುತ್ತದೆ. ಮಣ್ಣು ಒದ್ದೆ ಇದ್ದರೂ ಎಲೆ ಜೋಲುವುದು ಇದೇ ಕಾರಣಕ್ಕೆ. ಆಗ ಮತ್ತೆ ನೀರು ಸುರಿದರೆ ಗೆಡ್ಡೆ ಕೊಳೆಯುತ್ತದೆ. ನಾನು ಬಳಸುವುದು ಬಣ್ಣ ಹಚ್ಚದ ಮಣ್ಣಿನ ಕುಂಡ. ಬೇಸಿಗೆಯ ನೀರಿನ ಮಡಕೆಯಂತೆ ಅದು ಬೆವರುತ್ತಾ ತಂಪಾಗಿರುತ್ತದೆ. ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸುತ್ತೇನೆ, ಕಾಂಡಕ್ಕೆ ತಾಗದ ಹಾಗೆ. ಕುಂಡಗಳೆಲ್ಲ ಮನೆಯ ಪೂರ್ವಕ್ಕಿವೆ. ಹನ್ನೊಂದೂವರೆವರೆಗೆ ಚೆನ್ನಾಗಿ ಬಿಸಿಲು, ಆಮೇಲೆ ಗೋಡೆಯ ನೆರಳು. ತಂಪು ಬೇಕು ಅಂತ ಪೂರ್ತಿ ನೆರಳಿಗೆ ಇಟ್ಟರೆ ಹೂವೇ ಬರುವುದಿಲ್ಲ.

ನೀರು ಬೆಳಿಗ್ಗೆ, ಬುಡಕ್ಕೆ ಮಾತ್ರ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟುತ್ತೇನೆ, ಕೋಲು ಕಟ್ಟುತ್ತೇನೆ. ಇದೆಲ್ಲ ಊರಿನ ಹಾಗೇ.

ತಳಿಯ ವಿಷಯದಲ್ಲಿ ಒಂದು ಮಾತು. ತಟ್ಟೆಯಗಲದ ಹೂವಿನ ಡೇರೆಗಳಿಗೆ ಸೆಕೆ ತಡೆಯುವ ಶಕ್ತಿ ಕಡಿಮೆ. ಚೆಂಡಿನ ಹಾಗೆ ಒತ್ತಾಗಿ ಬರುವ ಸಣ್ಣ ಹೂವಿನವು ಫೆಬ್ರವರಿ ಕೊನೆಯ ಬಿಸಿಲಲ್ಲೂ ನಿಲ್ಲುತ್ತವೆ. ಬಯಲುಸೀಮೆಯಲ್ಲಿ ಹೊಸದಾಗಿ ಬೆಳೆಸುವವರು ಇವುಗಳಿಂದಲೇ ಶುರು ಮಾಡುವುದು ಒಳ್ಳೆಯದು. ದೊಡ್ಡ ಹೂವಿನ ಗಿಡಕ್ಕೆ ಫೆಬ್ರವರಿಯಿಂದ ಮಧ್ಯಾಹ್ನ ನೆರಳು ಪರದೆ ಬೇಕೇಬೇಕು. ಒಣ ಸೆಕೆಗೆ ಎಲೆಯಡಿ ಕೆಂಪು ನುಸಿಯೂ ಬರುತ್ತದೆ. ಎಲೆ ತಿರುಗಿಸಿ ನೋಡಿ. ಸಣ್ಣ ಬಲೆ ಕಂಡ ದಿನವೇ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದರೆ ಬಹುಪಾಲು ಉದುರುತ್ತದೆ.

ಕಷ್ಟದ ಕೆಲಸ ಇರುವುದು ಬೇಸಿಗೆಯಲ್ಲಿ ಗೆಡ್ಡೆ ಉಳಿಸುವುದರಲ್ಲಿ. ಮಲೆನಾಡಿನಲ್ಲಿ ಮಣ್ಣು ತುಂಬಿದ ಬುಟ್ಟಿ ಮನೆಯ ತಂಪು ಮೂಲೆಯಲ್ಲಿದ್ದರೆ ಸಾಕು. ಇಲ್ಲಿ ಏಪ್ರಿಲ್‌ನಲ್ಲಿ 38 ಡಿಗ್ರಿ. ಮನೆಯೊಳಗಿಟ್ಟರೂ ಗೆಡ್ಡೆ ಸುಕ್ಕುಗಟ್ಟುತ್ತದೆ. ಮಲಗಿರುವ ಗೆಡ್ಡೆಗೆ 5ರಿಂದ 10 ಡಿಗ್ರಿ ಒಳ್ಳೆಯದು. ಅಷ್ಟು ತಂಪು ಸಿಗುವುದು ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಮಾತ್ರ. ಗಿಡ ಒಣಗಿದ ಮೇಲೆ ಅಗೆದು, ಮಣ್ಣು ಕೊಡವಿ, ನೆರಳಲ್ಲಿ ಎರಡು ದಿನ ಆರಿಸುತ್ತೇನೆ. ತೂತು ಮಾಡಿದ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ ಹಾಕಿ ಹೂತಿಡುತ್ತೇನೆ. ಪುಡಿ ಮುಟ್ಟಿದರೆ ತಣ್ಣಗೆ ಇರಬೇಕು, ಹಿಂಡಿದರೆ ನೀರು ಬರಬಾರದು. ಪೂರ್ತಿ ಒಣಗಿದ್ದರೆ ಫ್ರಿಜ್‌ನ ಒಣ ಗಾಳಿಗೆ ಗೆಡ್ಡೆಯೂ ಒಣಗುತ್ತದೆ. ತಿಂಗಳಿಗೊಮ್ಮೆ ತೆಗೆದು ನೋಡಿ, ಮೆತ್ತಗಾದದ್ದನ್ನು ಎಸೆಯುತ್ತೇನೆ. ಅಪರೂಪದ ಬಣ್ಣಗಳ ಒಂದೊಂದು ಗೆಡ್ಡೆಯನ್ನು ಊರಿಗೂ ಕಳಿಸಿರುತ್ತೇನೆ, ಇಲ್ಲಿಯದು ಹೋದರೂ ತಳಿ ಉಳಿಯಲಿ ಅಂತ.

ಆಗಸ್ಟ್ ಕೊನೆಗೆ ಡಬ್ಬಿ ಹೊರಗೆ ತೆಗೆದು ನೆರಳಲ್ಲಿ ಇಡುತ್ತೇನೆ. ಕಾಂಡ ಸೇರುವ ಕುತ್ತಿಗೆಯ ಹತ್ತಿರ ಸಣ್ಣ ಕಣ್ಣು ಉಬ್ಬಿ ಬರುತ್ತದೆ. ಒಂದೊಂದು ತುಂಡಿಗೆ ಒಂದೊಂದು ಕಣ್ಣು ಉಳಿಯುವ ಹಾಗೆ ಕತ್ತರಿಸಿ, ಗಾಯಕ್ಕೆ ಬೂದಿ ಹಚ್ಚಿ ಊರಿದರೆ ಆಯಿತು. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ. ಅದಕ್ಕೆ ಕುಂಡ ಮೀಸಲಿಡಬೇಡಿ.